ಸಿಂಗಪುರಕ್ಕೆ ಹೋಗಿ ಬಂದೆ; ಕೋಲಾರಕ್ಕೆ ಹೋಗೋದು ಹೇಗೆ?

ಶ್ರೀನಿವಾಸಪುರದಿಂದ ಕೋಲಾರಕ್ಕೆ ಸುಮಾರು 25 ಕಿ.ಮೀ. ಬಸ್ಸಲ್ಲಿ ಕೂತರೆ ಮುಕ್ಕಾಲು ಗಂಟೆ. ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡೂ ಇಲ್ಲ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಶುರುವಾದಾಗಿನಿಂದ ನಮ್ಮ ಬೀದಿಯ ಅಕ್ಕಂದಿರು, ಅತ್ತೆಯಂದಿರು ಎಲ್ಲರೂ ಧರ್ಮಸ್ಥಳ, ಮಲೆಮಹದೇಶ್ವರ ಬೆಟ್ಟ ಅಂತ ಹೋಗಿಬಂದಿದ್ದಾರೆ. ಆಧಾರ್ ತೋರಿಸಿದರೆ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡ್ತಾರೆ.

ಆ ಶೂನ್ಯ ಟಿಕೆಟ್ ಇವತ್ತಿನವರೆಗೆ ನನ್ನ ಕೈಗೆ ಬಂದಿಲ್ಲ. ನಾನೂ ಕರ್ನಾಟಕದ ಹೆಣ್ಣುಮಗಳೇ, ಆಧಾರ್ ಕೂಡ ಇದೆ. ಆದರೆ ನಾನು ವೀಲ್‌ಚೇರ್ ಬಳಸುವವಳು. ಬಸ್ಸಿನ ಬಾಗಿಲಲ್ಲಿ ಮೂರು ಮೆಟ್ಟಿಲು, ಮಧ್ಯೆ ಒಂದು ಕಂಬಿ. ಟಿಕೆಟ್ ಫ್ರೀ ಆದರೂ ಹತ್ತೋಕೆ ದಾರಿ ಇಲ್ಲ.

ಕಳೆದ ವರ್ಷ ಇದೇ ನಾನು ಸಿಂಗಪುರಕ್ಕೆ ಹೋಗಿ ಬಂದೆ. ಅಕ್ಕ, ಭಾವ ಅಲ್ಲಿದ್ದಾರೆ. ಎರಡು ವಾರ ಇದ್ದೆ. ಬಂದ ಮೇಲೆ ಊರಲ್ಲಿ ಸಿಕ್ಕವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ‘ಅಷ್ಟು ದೂರ ಹೆಂಗಮ್ಮಾ ಹೋದೆ?’ ಕೋಲಾರದ ಆಸ್ಪತ್ರೆಗೆ ಹೆಂಗೆ ಹೋಗ್ತೀಯ ಅಂತ ಯಾರೂ ಕೇಳಲಿಲ್ಲ. ನಿಜವಾಗಿ ಕಷ್ಟ ಇರೋದು ಈ ಎರಡನೆಯ ಪ್ರಶ್ನೆಯಲ್ಲಿ.

ಒಂದು ಹಲಗೆಯ ಕಥೆ

ಸಿಂಗಪುರದಲ್ಲಿ ನನಗೆ ಅಚ್ಚರಿಯಾದದ್ದು ಒಂದು ಸಾಧಾರಣ ಸಿಟಿ ಬಸ್ಸು. ನಾನು ಸ್ಟಾಪಲ್ಲಿ ಕಾಯ್ತಿದ್ದೆ. ಬಸ್ಸು ಬಂತು, ಡ್ರೈವರ್ ಇಳಿದು ಬಂದರು, ಮಧ್ಯದ ಬಾಗಿಲ ಹತ್ತಿರ ನೆಲಕ್ಕೆ ಅಂಟಿಕೊಂಡಂತೆ ಮಡಚಿಟ್ಟಿದ್ದ ಒಂದು ಹಲಗೆ ಬಿಡಿಸಿ ಫುಟ್‌ಪಾತಿಗೆ ತಾಗಿಸಿದರು. ನಾನೇ ಚಕ್ರ ತಳ್ಳಿಕೊಂಡು ಒಳಗೆ ಹೋದೆ. ಎಲ್ಲಿ ಇಳೀತೀರಿ ಅಂತ ಕೇಳಿ, ಹಲಗೆ ಮಡಚಿ, ಹೋಗಿ ಸೀಟಲ್ಲಿ ಕೂತರು. ಎಲ್ಲಾ ಸೇರಿ ಒಂದು ನಿಮಿಷ ಆಗಿರಬಹುದು. ಯಾರೂ ನನ್ನ ಕಡೆ ತಿರುಗಿ ನೋಡಲಿಲ್ಲ, ‘ಪಾಪ’ ಅನ್ನಲಿಲ್ಲ.

ಅದರಲ್ಲಿ ಮೋಟಾರ್ ಇಲ್ಲ, ಕಂಪ್ಯೂಟರ್ ಇಲ್ಲ. ನಮ್ಮೂರ ಮಾವಿನ ಮಂಡಿಗೆ ಸೀಸನ್ನಲ್ಲಿ ಬಂದು ನೋಡಿ. ಲಾರಿಗೆ ಹಲಗೆ ಹಾಕಿ ಸರಕು ಏರಿಸೋದು ಹೇಗೆ ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ. ತೋತಾಪುರಿ ಕ್ರೇಟು ಜಜ್ಜಿಹೋಗದ ಹಾಗೆ ವಾಹನ ಏರಬೇಕು ಅನ್ನೋ ಕಾಳಜಿ ನಮಗಿದೆ. ಮನುಷ್ಯರ ವಿಷಯದಲ್ಲಿ ಮಾತ್ರ ಆ ಹಲಗೆ ಮರೆತುಹೋಗಿದೆ.

‘ಸಿಂಗಪುರ ಶ್ರೀಮಂತ ದೇಶ, ಹೋಲಿಕೆ ಬೇಡ’ ಅಂತೀರೇನೋ. ಆದರೆ 1987ರಲ್ಲಿ ಅಲ್ಲಿ ಎಂಆರ್‌ಟಿ ರೈಲು ಶುರುವಾದಾಗ ಅದನ್ನು ವೀಲ್‌ಚೇರಿನವರಿಗಾಗಿ ಕಟ್ಟಿರಲಿಲ್ಲ. ಆಮೇಲೆ ಒತ್ತಾಯ ಬಂದು, ನೀತಿ ಬದಲಾಗಿ, ನಿಲ್ದಾಣಗಳಿಗೆ ಲಿಫ್ಟ್ ಬಂದವು. ಅಲ್ಲಿನ ಎಲ್ಲ ಸಾರ್ವಜನಿಕ ಬಸ್ ಮಾರ್ಗಗಳೂ ವೀಲ್‌ಚೇರಿಗೆ ಮುಕ್ತವಾಗಿದ್ದು 2020ರ ಡಿಸೆಂಬರಿನಲ್ಲಿ. ಅಂದರೆ ಹೊಸ ಬಸ್ ಕೊಳ್ಳುವಾಗಲೆಲ್ಲ ಇಂಥದ್ದನ್ನೇ ಕೊಳ್ಳಬೇಕು ಅಂತ ನಿರ್ಧರಿಸಿ, ಹಳೆಯವು ಕಳಚಿಹೋಗುವವರೆಗೆ ಬಿಡದೆ ಹಿಡಿದರು.

ದುಡ್ಡಿದ್ದ ಮಾತ್ರಕ್ಕೆ ಎಲ್ಲಾ ಆಗೋದಿಲ್ಲ ಅನ್ನೋಕೆ ಪ್ಯಾರಿಸ್ ಸಾಕ್ಷಿ. 2024ರಲ್ಲಿ ಪ್ಯಾರಾಲಿಂಪಿಕ್ಸ್ ನಡೆಸಿದ ಆ ನಗರದ ಹಳೆಯ ಮೆಟ್ರೋದಲ್ಲಿ ಪೂರ್ತಿಯಾಗಿ ವೀಲ್‌ಚೇರ್ ಹೋಗಬಲ್ಲ ಮಾರ್ಗ ಒಂದೇ, 14ನೇ ಮಾರ್ಗ. ಲಂಡನ್ನಿನ ಸುರಂಗ ರೈಲಿನಲ್ಲೂ ಮೆಟ್ಟಿಲಿಲ್ಲದ ನಿಲ್ದಾಣಗಳು ಮೂರನೇ ಒಂದು ಭಾಗದಷ್ಟೇ. ಅದೇ ಲಂಡನ್ನಿನ ಬಸ್ಸುಗಳು, ಕಪ್ಪು ಟ್ಯಾಕ್ಸಿಗಳು ಮಾತ್ರ ಎರಡು ದಶಕದಿಂದ ವೀಲ್‌ಚೇರ್ ಹತ್ತಿಸಿಕೊಳ್ತಿವೆ. ಒಂದೇ ಊರು, ಒಂದೇ ಖಜಾನೆ. ಎಲ್ಲಿ ನಿಯಮ ಕಟ್ಟುನಿಟ್ಟಾಗಿತ್ತೋ ಅಲ್ಲಿ ಕೆಲಸ ಆಯಿತು.

ಸಾಧಕರ ಕಥೆಯಲ್ಲಿ ಬಸ್ಸು ಕಾಣೋದಿಲ್ಲ

ವೀಲ್‌ಚೇರಿನಲ್ಲಿ ಪ್ರಪಂಚ ಸುತ್ತಿದವರ ಬಗ್ಗೆ ನಮ್ಮ ಪತ್ರಿಕೆ, ಟಿವಿಗಳು ಆಗಾಗ ಬರೆಯುತ್ತವೆ. ಮುಂಬೈನ ಪರ್ವಿಂದರ್ ಚಾವ್ಲಾ ಐವತ್ತಕ್ಕೂ ಹೆಚ್ಚು ದೇಶ ನೋಡಿದ್ದಾರೆ. ನಮ್ಮ ಕರ್ನಾಟಕದ ಮಾಲತಿ ಕೃಷ್ಣಮೂರ್ತಿ ಹೊಳ್ಳ ಇನ್‌ಸ್ಟಾಗ್ರಾಂ ಹುಟ್ಟುವ ಮೊದಲೇ ದಕ್ಷಿಣ ಕೊರಿಯಾ, ಬಾರ್ಸಿಲೋನಾ, ಅಥೆನ್ಸ್, ಬೀಜಿಂಗ್ ಪ್ಯಾರಾಲಿಂಪಿಕ್ಸ್‌ಗಳಿಗೆ ಹೋಗಿಬಂದವರು. ಅರ್ಜುನ ಪ್ರಶಸ್ತಿ, ಪದ್ಮಶ್ರೀ ಎರಡೂ ಅವರಿಗೆ ಬಂದಿವೆ. ಇವರ ಬಗ್ಗೆ ನನಗೆ ಅಪಾರ ಗೌರವ ಇದೆ.

ನನ್ನ ತಕರಾರು ಆ ಸುದ್ದಿಗಳ ಧಾಟಿಯ ಬಗ್ಗೆ. ‘ಛಲವೊಂದಿದ್ದರೆ ಸಾಕು’ ಅಂತ ತಲೆಬರಹ ಇರುತ್ತೆ. ಓದಿದವರು ಎರಡು ಹನಿ ಕಣ್ಣೀರು ಹಾಕಿ ಶೇರ್ ಮಾಡ್ತಾರೆ. ಕೊನೆಗೆ ತಲೆಯಲ್ಲಿ ಉಳಿಯೋದು ಏನು? ಹೋಗದೆ ಮನೆಯಲ್ಲೇ ಉಳಿದವರಿಗೆ ಛಲ ಇರಲಿಲ್ಲ ಅಂತ. ನಮ್ಮ ತಾಲ್ಲೂಕಿನ ಹಳ್ಳಿಯಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ, ಕಾಲೇಜಿಗೆ ಹೋಗುವ ಬಸ್ ಹತ್ತಲಾಗದೆ ಓದು ಬಿಟ್ಟ ಹುಡುಗಿಗೆ ಏನು ಕಡಿಮೆ ಇತ್ತು? ಅವಳ ಛಲಕ್ಕೂ ಬಸ್ಸಿನ ಮೆಟ್ಟಿಲಿಗೂ ಏನು ಸಂಬಂಧ?

ನನ್ನ ಸಿಂಗಪುರ ಪ್ರಯಾಣದಲ್ಲೂ ಛಲದ ಪಾಲು ಸಣ್ಣದು. ಅಕ್ಕನ ದುಡ್ಡಿನ ಪಾಲೇ ದೊಡ್ಡದು. ಮನೆಯಿಂದ ಚಿಂತಾಮಣಿ ಮೇಲೆ ಏರ್‌ಪೋರ್ಟಿಗೆ ಬಾಡಿಗೆ ಕಾರು ಮಾಡಿದೆವು. ನಾನು ತಿಂಗಳಲ್ಲಿ ಎರಡು ಸಲ ಕೋಲಾರಕ್ಕೆ ಫಿಸಿಯೋಥೆರಪಿಗೆ ಹೋಗಬೇಕಾದರೂ ಇದೇ ಬಾಡಿಗೆ ಕಾರೇ ಗತಿ. ಪಕ್ಕದ ಮನೆಯವರು ಸೊನ್ನೆ ರೂಪಾಯಿಗೆ ಹೋಗಿ ಬರುವ ದಾರಿಗೆ ನಾವು ಸಾವಿರ, ಸಾವಿರದೈನೂರು ಕೊಡ್ತೀವಿ. ಬಡತನ ಹೀಗೂ ಬರುತ್ತೆ. ಯಾವ ಸಮೀಕ್ಷೆಯ ಕಾಲಂನಲ್ಲೂ ಇದು ಬರೆಯೋ ಜಾಗ ನನಗೆ ಕಂಡಿಲ್ಲ.

2011ರ ಜನಗಣತಿ ಪ್ರಕಾರ ದೇಶದಲ್ಲಿ ಅಂಗವೈಕಲ್ಯ ಇರುವವರು 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ. ದೇಶದ ಲೆಕ್ಕದಲ್ಲಿ ಇವರಲ್ಲಿ ಶೇ 69ರಷ್ಟು ಮಂದಿ ಇರೋದು ಹಳ್ಳಿಗಳಲ್ಲಿ. ಆದರೆ ಲೋ ಫ್ಲೋರ್ ಬಸ್ಸು, ಮೆಟ್ರೋ, ಲಿಫ್ಟು ಇವೆಲ್ಲ ಬರುತ್ತಿರೋದು ಬೆಂಗಳೂರಿಗೆ. ನಮ್ಮ ಮೆಟ್ರೋದಲ್ಲಿ ಪ್ಲಾಟ್‌ಫಾರಂ ಮತ್ತು ಬೋಗಿ ಒಂದೇ ಸಮದಲ್ಲಿವೆ. ಬಿಎಂಟಿಸಿಯ ಹೊಸ ಎಲೆಕ್ಟ್ರಿಕ್ ಬಸ್ಸುಗಳಲ್ಲಿ ಲೋ ಫ್ಲೋರ್ ಇವೆ. ಒಳ್ಳೆಯದೇ. ಆದರೆ ವೈಟ್‌ಫೀಲ್ಡ್‌ವರೆಗೆ ಬಂದ ಮೆಟ್ರೋ ಹಿಡಿಯೋಕೆ ನಾನು ಮೊದಲು ವೈಟ್‌ಫೀಲ್ಡ್ ತಲುಪಬೇಕಲ್ಲ?

ರೈಲಿದೆ ಅಂತೀರಾ? ಕೋಲಾರ–ಚಿಕ್ಕಬಳ್ಳಾಪುರ ನ್ಯಾರೋಗೇಜ್ ಹೋಗಿ ಬ್ರಾಡ್‌ಗೇಜ್ ಬಂದದ್ದು 2013ರಲ್ಲಿ. ಶ್ರೀನಿವಾಸಪುರ ಆ ದಾರಿಯಲ್ಲೇ ಇದೆ. ಆದರೆ ರೈಲ್ವೆಯ ಅಳತೆ ನೋಡಿ. ಎತ್ತರದ ಪ್ಲಾಟ್‌ಫಾರಂ ಅಂದರೆ ಹಳಿಯಿಂದ 76ರಿಂದ 84 ಸೆಂ.ಮೀ. ಸಾಮಾನ್ಯ ಬೋಗಿಯ ನೆಲ ಸುಮಾರು 1.3 ಮೀಟರ್ ಎತ್ತರದಲ್ಲಿರುತ್ತೆ. ಅತ್ಯುತ್ತಮ ಪ್ಲಾಟ್‌ಫಾರಂನಲ್ಲೂ ನಡುವೆ ಮೊಣಕಾಲೆತ್ತರದ ವ್ಯತ್ಯಾಸ ಉಳೀತು. ತಗ್ಗು ಪ್ಲಾಟ್‌ಫಾರಂ ಆದರೆ ಕೇಳೋದೇ ಬೇಡ. ನಮ್ಮ ತಾಲ್ಲೂಕಿಗೆ ರೈಲ್ವೆ ಕೋಚ್ ಕಾರ್ಖಾನೆ ಬರುತ್ತೆ ಅಂತ ಘೋಷಣೆಯಾಗಿ ದಶಕ ಕಳೆಯಿತು. ಕಾರ್ಖಾನೆ ಬಿಡಿ, ನಾನು ಹತ್ತಬಲ್ಲ ಒಂದು ಕೋಚು ಬಂದರೂ ಸಾಕಿತ್ತು.

‘ಎತ್ತಿ ಕೂರಿಸ್ತೀವಿ ಬಾರಮ್ಮ’

ಇಷ್ಟು ಹೇಳಿದರೆ ಒಂದು ಉತ್ತರ ತಪ್ಪದೆ ಬರುತ್ತೆ: ‘ನಮ್ಮ ಜನ ಒಳ್ಳೆಯವರು, ಎತ್ತಿ ಕೂರಿಸ್ತಾರೆ.’ ನಿಜ, ಒಳ್ಳೆಯವರೇ. ಒಂದು ಸಲ ಒಬ್ಬ ಕಂಡಕ್ಟರ್ ಅಣ್ಣ, ಇಬ್ಬರು ಪ್ರಯಾಣಿಕರು ಸೇರಿ ನನ್ನನ್ನು ಎತ್ತಿ ಒಳಗೆ ಕೂರಿಸಿದ್ದರು. ಒಬ್ಬರು ಕಂಕುಳಿಗೆ ಕೈ ಹಾಕಿದರು, ಒಬ್ಬರು ಕಾಲು ಹಿಡಿದರು. ಚೂಡಿದಾರದ ವೇಲು ಜಾರಿತು, ಸರಿಮಾಡಿಕೊಳ್ಳೋಕೆ ನನ್ನ ಕೈ ಬಿಡುವಿರಲಿಲ್ಲ. ಇಡೀ ಬಸ್ಸು ನೋಡ್ತಿತ್ತು. ವೀಲ್‌ಚೇರು ಬಸ್ಸಿನ ಮೇಲಕ್ಕೆ ಹೋಯಿತು. ಅವರ ಮನಸ್ಸಲ್ಲಿ ಕೆಟ್ಟದ್ದೇನೂ ಇರಲಿಲ್ಲ, ನನಗೆ ಗೊತ್ತು. ಆದರೆ ಮತ್ತೆ ನಾನು ಬಸ್ ಹತ್ತಲಿಲ್ಲ.

ಎಲ್ಲರ ಅನುಭವ ಇಷ್ಟಕ್ಕೇ ನಿಲ್ಲೋದಿಲ್ಲ. ವೀಲ್‌ಚೇರ್ ಬಳಸುವ ವಿರಾಲಿ ಮೋದಿ, ರೈಲು ಹತ್ತಿಸುವ ನೆಪದಲ್ಲಿ ಪೋರ್ಟರುಗಳು ಮೈಮೇಲೆ ಕೈಯಾಡಿಸಿದ್ದನ್ನು ಬಹಿರಂಗವಾಗಿ ಹೇಳಿ, 2017ರಲ್ಲಿ ರೈಲುಗಳು ಎಲ್ಲರಿಗೂ ಎಟುಕಬೇಕೆಂದು ‘ಮೈ ಟ್ರೇನ್ ಟೂ’ ಆಂದೋಲನ ನಡೆಸಿದರು. ಎತ್ತಿ ಕೂರಿಸುವ ವ್ಯವಸ್ಥೆಯಲ್ಲಿ ಹೆಣ್ಣಿನ ಒಪ್ಪಿಗೆಗೆ ಜಾಗ ಇಲ್ಲ. ಎತ್ತುವವರ ಒಳ್ಳೆಯತನವೇ ಆಕೆಗಿರುವ ಒಂದೇ ಭದ್ರತೆ.

ವಿಮಾನದಲ್ಲಿ ಇದೇ ಕಥೆ ಬೇರೆ ಬಟ್ಟೆ ಹಾಕಿಕೊಂಡು ಬರುತ್ತೆ. 2012ರಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಹೋರಾಟಗಾರ್ತಿ ಜೀಜಾ ಘೋಷ್ ಅವರನ್ನು ಕೋಲ್ಕತ್ತದಲ್ಲಿ ಸ್ಪೈಸ್‌ಜೆಟ್ ವಿಮಾನದಿಂದ ಕೆಳಗಿಳಿಸಲಾಯಿತು. 2016ರಲ್ಲಿ ಸುಪ್ರೀಂ ಕೋರ್ಟ್ ಹತ್ತು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. 2022ರ ಮೇ ತಿಂಗಳಲ್ಲಿ ರಾಂಚಿಯಲ್ಲಿ ಅಂಗವೈಕಲ್ಯ ಇದ್ದ ಮಗುವನ್ನು ಹತ್ತಿಸಿಕೊಳ್ಳದ ಇಂಡಿಗೋಗೆ ಡಿಜಿಸಿಎ ಐದು ಲಕ್ಷ ದಂಡ ಹಾಕಿತು. 2024ರ ಫೆಬ್ರವರಿಯಲ್ಲಿ ಮುಂಬೈನಲ್ಲಿ ವೀಲ್‌ಚೇರ್ ಸಾಲದೆ ನಡೆದು ಹೋಗಬೇಕಾಗಿ ಬಂದ 80 ವರ್ಷದ ಪ್ರಯಾಣಿಕರು ಕುಸಿದು ಸತ್ತರು, ಏರ್ ಇಂಡಿಯಾಗೆ 30 ಲಕ್ಷ ದಂಡ ಬಿತ್ತು.

ಈ ಮೂರು ಪ್ರಕರಣಗಳಲ್ಲಿ ಒಂದು ಸೂಕ್ಷ್ಮ ಇದೆ. ವಿಮಾನದಲ್ಲಿ ಅನ್ಯಾಯವಾದರೆ ಕೇಳೋಕೆ ಡಿಜಿಸಿಎ ಅನ್ನೋ ಒಂದು ಸಂಸ್ಥೆ ಇದೆ, ಟಿವಿ ಇದೆ, ದಂಡ ಬೀಳುತ್ತೆ. ರಾಂಚಿ ಘಟನೆ ಆದ ಎರಡೇ ತಿಂಗಳಲ್ಲಿ ನಿಯಮವೂ ಬದಲಾಯಿತು: ವೈದ್ಯರು ನೋಡದೆ ಯಾರನ್ನೂ ಹತ್ತಿಸಿಕೊಳ್ಳೋಲ್ಲ ಅನ್ನುವಂತಿಲ್ಲ. ಆದರೆ ತಾಲ್ಲೂಕು ಬಸ್ಸು ದಿನಾ ಎಷ್ಟು ಜನರನ್ನು ಬಿಟ್ಟು ಹೋಗುತ್ತೆ ಅನ್ನೋದಕ್ಕೆ ದೂರೂ ಇಲ್ಲ, ದಂಡವೂ ಇಲ್ಲ. ಅಲ್ಲಿ ಯಾರೂ ನನಗೆ ‘ಬೇಡ’ ಅನ್ನೋದೇ ಇಲ್ಲ. ಮೆಟ್ಟಿಲೇ ಆ ಕೆಲಸ ಮಾಡುತ್ತೆ.

ಕಾನೂನು ಇದೆ, ಗಡುವೂ ಮುಗಿದಿದೆ

ಸುಗಮ್ಯ ಭಾರತ ಅಭಿಯಾನ ಶುರುವಾಗಿದ್ದು 2015ರ ಡಿಸೆಂಬರ್ 3ರಂದು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, 2017ರ ಏಪ್ರಿಲ್‌ನಲ್ಲಿ ಜಾರಿಯಾಯಿತು, ಅದೇ ಜೂನ್‌ನಲ್ಲಿ ನಿಯಮಗಳು ಬಂದವು. ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಈಗಿರುವ ಸಾರ್ವಜನಿಕ ಕಟ್ಟಡಗಳೆಲ್ಲ ಐದು ವರ್ಷದಲ್ಲಿ ಎಲ್ಲರಿಗೂ ಎಟುಕುವಂತೆ ಆಗಬೇಕಿತ್ತು. ಆ ಐದು ವರ್ಷ 2022ರ ಜೂನ್‌ಗೆ ಮುಗಿಯಿತು. ನಿಮ್ಮ ತಾಲ್ಲೂಕು ಕಚೇರಿಗೆ ಹೋಗಿ ನೋಡಿ, ರ‍್ಯಾಂಪ್ ಇದೆಯಾ? ಇದ್ದರೆ ಅದರ ಮೇಲೆ ಯಾರ ಬೈಕು ನಿಂತಿದೆ?

ಬಸ್ಸಿನ ವಿಷಯ 41ನೇ ಸೆಕ್ಷನ್‌ನಲ್ಲಿದೆ. ಬಸ್ ನಿಲ್ದಾಣ, ರೈಲು ನಿಲ್ದಾಣ, ವಿಮಾನ ನಿಲ್ದಾಣ ಎಲ್ಲ ಕಡೆ ಸೌಲಭ್ಯ ಇರಬೇಕು, ಎಲ್ಲ ಬಗೆಯ ಸಾರಿಗೆಯೂ ಎಟುಕಬೇಕು ಅಂತ ಹೇಳುತ್ತೆ. ಆದರೆ ಹಳೆಯ ವಾಹನಗಳನ್ನು ಮಾರ್ಪಡಿಸುವ ವಿಷಯ ಬಂದಾಗ ತಾಂತ್ರಿಕವಾಗಿ ಸಾಧ್ಯವಿದ್ದರೆ, ಆರ್ಥಿಕವಾಗಿ ಕೈಗೆಟುಕಿದರೆ, ವಿನ್ಯಾಸದಲ್ಲಿ ದೊಡ್ಡ ಬದಲಾವಣೆ ಬೇಕಾಗದಿದ್ದರೆ ಅಂತ ಮೂರು ‘ರೆ’ಗಳು ಸೇರಿಕೊಳ್ಳುತ್ತವೆ. ಒಂದು ಬಸ್ ನಿಗಮ ಕೈಕಟ್ಟಿ ಕೂರೋಕೆ ಆ ಮೂರು ‘ರೆ’ ಸಾಕು.

ಇದಕ್ಕಿಂತ ದೊಡ್ಡ ತೂತು ನಿಯಮಗಳಲ್ಲಿತ್ತು. ಕಾಯ್ದೆ ‘ಮಾಡಲೇಬೇಕು’ ಅಂದಿದ್ದನ್ನು 15ನೇ ನಿಯಮ ಬರೀ ಮಾರ್ಗಸೂಚಿಗಳ ಪಟ್ಟಿ ಮಾಡಿಟ್ಟಿತ್ತು. ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹೇಳಿತು. ನಿಯಮ 15(1) ಮೂಲ ಕಾಯ್ದೆಗೇ ವಿರುದ್ಧವಾಗಿದೆ ಎಂದು ಅಸಿಂಧುಗೊಳಿಸಿ, ಕಡ್ಡಾಯ ಮಾನದಂಡಗಳನ್ನು ಮೂರು ತಿಂಗಳಲ್ಲಿ ರೂಪಿಸಿ ಅಂತ ಕೇಂದ್ರಕ್ಕೆ ಸೂಚಿಸಿತು. ಆ ಮೂರು ತಿಂಗಳು 2025ರ ಫೆಬ್ರವರಿಗೇ ಮುಗಿದವು. ರತೂರಿ ಅವರ ಪ್ರಕರಣದಲ್ಲಿ ಮೊದಲ ದೊಡ್ಡ ತೀರ್ಪು ಬಂದಿದ್ದು 2017ರ ಡಿಸೆಂಬರಿನಲ್ಲಿ ಅನ್ನೋದನ್ನೂ ನೆನಪಿಡಿ.

ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ – ನಮ್ಮ ಹೆಸರು ನಾಲ್ಕು ಸಲ ಬದಲಾಯಿತು. ಬಸ್ಸಿನ ಮೆಟ್ಟಿಲು ಮಾತ್ರ ಅಲ್ಲೇ ಇದೆ.

ಇನ್ನೊಂದು ಸೂಕ್ಷ್ಮ ಬದಲಾವಣೆಯನ್ನೂ ಗಮನಿಸಬೇಕು. 2023ರ ವಿಧಾನಸಭಾ ಚುನಾವಣೆಯಲ್ಲಿ ಚುನಾವಣಾ ಆಯೋಗ 80 ದಾಟಿದವರಿಗೆ, ಅಂಗವೈಕಲ್ಯ ಇರುವವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶ ಕೊಟ್ಟಿತು. ಹಾಸಿಗೆ ಹಿಡಿದವರಿಗೆ ಅದು ದೊಡ್ಡ ಉಪಕಾರ. ಆದರೆ ನನಗೆ ಮತಗಟ್ಟೆಗೆ ಹೋಗಿ, ಸಾಲಲ್ಲಿ ನಿಂತವರ ಜೊತೆ ಮಾತಾಡಿ, ಬೆರಳಿಗೆ ಶಾಯಿ ಹಾಕಿಸಿಕೊಂಡು ಬರಬೇಕು. ಪಿಂಚಣಿ ಮನೆಗೆ, ಮತ ಮನೆಗೆ, ರೇಷನ್ ಮನೆಗೆ ಅಂತ ಎಲ್ಲವನ್ನೂ ಮನೆಗೇ ತಂದುಕೊಡುವ ಸರ್ಕಾರ, ನಮ್ಮನ್ನು ಹೊರಗೆ ಕರೆದುಕೊಂಡು ಹೋಗುವ ಜವಾಬ್ದಾರಿಯಿಂದ ಮೆಲ್ಲಗೆ ಜಾರಿಕೊಳ್ಳಬಾರದು.

ಹಾಗಾದರೆ ಏನು ಮಾಡೋದು?

‘ಹಳ್ಳಿ ರಸ್ತೆಯಲ್ಲಿ ಲೋ ಫ್ಲೋರ್ ಬಸ್ ಓಡೋದಿಲ್ಲ, ಹಂಪಿಗೆ ತಳ ತಾಗುತ್ತೆ’ ಅಂತಾರೆ. ಈ ಮಾತಲ್ಲಿ ಸತ್ಯ ಇದೆ. ಲೋ ಫ್ಲೋರ್ ಬಸ್ಸಿನ ನೆಲ ಸುಮಾರು 40 ಸೆಂ.ಮೀ. ಎತ್ತರ, ನಮ್ಮ ಸಾಮಾನ್ಯ ಬಸ್ಸಿನದ್ದು ಹತ್ತಿರ ಹತ್ತಿರ ಒಂದು ಮೀಟರ್. ಸರಿ, ಬಸ್ಸನ್ನು ತಗ್ಗಿಸಲು ಆಗದಿದ್ದರೆ ನಿಲ್ದಾಣವನ್ನು ಎತ್ತರಿಸಿ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು ಅನ್ನೋದು ರ‍್ಯಾಂಪಿನ ಸರಳ ಲೆಕ್ಕ. ಒಂದು ಮೀಟರ್ ಏರೋಕೆ ಹನ್ನೆರಡು ಮೀಟರ್, ಅಂದರೆ ಒಂದು ದೊಡ್ಡ ಬಸ್ಸಿನ ಉದ್ದ. ಪ್ರತಿ ತಾಲ್ಲೂಕು ಬಸ್ ನಿಲ್ದಾಣದಲ್ಲಿ ಒಂದು ಅಂಕಣವನ್ನು ಹೀಗೆ ಕಟ್ಟಿ, ಮುಂದೆ ಕೊಳ್ಳುವ ಬಸ್ಸುಗಳಲ್ಲಿ ವೀಲ್‌ಚೇರ್ ಹಿಡಿಸುವ ಒಂದು ಅಗಲ ಬಾಗಿಲು, ಒಳಗೆ ಕುರ್ಚಿ ನಿಲ್ಲಿಸಿ ಕಟ್ಟುವ ಜಾಗ ಕೇಳಿದರೆ, ತಾಲ್ಲೂಕು ಕೇಂದ್ರದಿಂದ ಜಿಲ್ಲಾ ಕೇಂದ್ರಕ್ಕೆ ಹೋಗುವ ದಾರಿಯಾದರೂ ತೆರೆಯುತ್ತೆ. ಬೆಳಿಗ್ಗೆ ಎರಡು, ಸಂಜೆ ಎರಡು ಟ್ರಿಪ್, ನಿಗದಿತ ಸಮಯಕ್ಕೆ. ಶುರುವಿಗೆ ಇಷ್ಟು ಸಾಕು.

‘ಎಷ್ಟು ಜನ ವೀಲ್‌ಚೇರಿನವರು ಬಸ್ ನಿಲ್ದಾಣಕ್ಕೆ ಬರ್ತಾರೆ?’ ಅನ್ನೋದು ಎರಡನೇ ಪ್ರಶ್ನೆ. ಮಂಡಿಯೇ ಇಲ್ಲದ ಊರಲ್ಲಿ ನಿಂತು, ಇಲ್ಲಿ ಮಾವು ಮಾರೋರೇ ಇಲ್ಲ ಅಂದ ಹಾಗಾಯಿತು. ಅಲ್ಲದೆ ಆ ಇಳಿಜಾರು ನನ್ನೊಬ್ಬಳಿಗೇ ಅಲ್ಲ. ಮಂಡಿನೋವಿನ ಅಜ್ಜಿ, ತುಂಬು ಬಸುರಿ, ಲಗೇಜು ಹೊತ್ತ ವ್ಯಾಪಾರಿ ಎಲ್ಲರೂ ಅದನ್ನೇ ಹತ್ತುತ್ತಾರೆ. ‘ಶಕ್ತಿ’ ಬಂದ ಮೇಲೆ ಬಸ್ಸಲ್ಲಿ ಓಡಾಡುವ ವಯಸ್ಸಾದ ಹೆಂಗಸರು ಆ ಮೆಟ್ಟಿಲು ಹತ್ತಲು ಪಡುವ ಪಾಡನ್ನು ಒಂದು ದಿನ ನಿಂತು ನೋಡಿ.

ವಿಕಲಚೇತನರಿಗೆ ಮನೆಯಿಂದ 100 ಕಿ.ಮೀ. ಒಳಗೆ ಓಡಾಡೋಕೆ ರಿಯಾಯಿತಿ ಪಾಸ್ ಇದೆ. ಸ್ಥಳೀಯ ಸಂಸ್ಥೆಗಳು ವಿಕಲಚೇತನರಿಗಾಗಿ ಶೇ 5ರಷ್ಟು ಹಣ ಮೀಸಲಿಡಬೇಕು ಅನ್ನೋ ನಿಯಮವೂ ಕರ್ನಾಟಕದಲ್ಲಿದೆ. ರಿಯಾಯಿತಿ, ಮೀಸಲು, ಶೂನ್ಯ ಟಿಕೆಟ್ ಎಲ್ಲವೂ ಬಸ್ಸಿನ ಒಳಗಿದ್ದವರಿಗೆ ಸಿಗುವ ಸೌಲಭ್ಯ. ಬಾಗಿಲ ಹೊರಗಿನ ಲೆಕ್ಕ ಇನ್ನೂ ಯಾರೂ ಬರೆದಿಲ್ಲ.

ಇದು ತಾನಾಗಿ ಆಗೋದಿಲ್ಲ, ಎಲ್ಲೂ ಆಗಿಲ್ಲ. 1978ರ ಜುಲೈನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಹತ್ತೊಂಬತ್ತು ಮಂದಿ ವೀಲ್‌ಚೇರ್ ಬಳಕೆದಾರರು ಬಸ್ಸುಗಳನ್ನು ಸುತ್ತುವರಿದು ರಾತ್ರಿಯಿಡೀ ರಸ್ತೆಯಲ್ಲೇ ಕೂತರು. ಅಲ್ಲಿಂದ ಶುರುವಾದ ಹೋರಾಟ 1990ರ ಅಂಗವಿಕಲರ ಕಾಯ್ದೆಯವರೆಗೆ ಹೋಯಿತು. ಅಷ್ಟು ದೂರ ಯಾಕೆ, ಪಕ್ಕದ ಚೆನ್ನೈನಲ್ಲಿ ವಿಕಲಚೇತನ ಹಕ್ಕುಗಳ ಹೋರಾಟಗಾರರು ಮದ್ರಾಸ್ ಹೈಕೋರ್ಟಿನಲ್ಲಿ ವರ್ಷಗಟ್ಟಲೆ ಬಿಡದೆ ಹೋರಾಡಿದ ಮೇಲೆ 2024ರಲ್ಲಿ ಹೊಸ ಲೋ ಫ್ಲೋರ್ ಬಸ್ಸುಗಳು ರಸ್ತೆಗಿಳಿದವು. ನಮ್ಮಲ್ಲಿ ವಿದ್ಯಾರ್ಥಿ ಸಂಘಟನೆಗಳು ಬಸ್ ಪಾಸ್‌ಗಾಗಿ, ಹೆಚ್ಚುವರಿ ಬಸ್ಸಿಗಾಗಿ ಡಿಪೋ ಮುಂದೆ ಕೂತಿದ್ದನ್ನು ನಾನು ನೋಡಿದ್ದೀನಿ. ಆ ಬೇಡಿಕೆ ಪಟ್ಟಿಯಲ್ಲಿ ಈ ಒಂದು ಸಾಲು ಯಾಕೆ ಇರಬಾರದು?

ಓದುತ್ತಿರುವ ನಿಮಗೆ ಒಂದು ಕೆಲಸ ಹೇಳ್ತೀನಿ. ಈ ವಾರ ನಿಮ್ಮ ಊರಿನ ಬಸ್ ನಿಲ್ದಾಣಕ್ಕೆ ಒಂದು ಅಳತೆ ಟೇಪ್ ತಗೊಂಡು ಹೋಗಿ. ಬಸ್ಸಿನ ಮೊದಲ ಮೆಟ್ಟಿಲು ನೆಲದಿಂದ ಎಷ್ಟು ಎತ್ತರ, ಬಾಗಿಲು ಎಷ್ಟು ಅಗಲ, ಶೌಚಾಲಯದ ಬಾಗಿಲು ಎಷ್ಟು ಅಗಲ, ರ‍್ಯಾಂಪ್ ಇದ್ದರೆ ಎಷ್ಟು ಉದ್ದ ಅಂತ ಬರೆದುಕೊಳ್ಳಿ. ಫೋಟೊ ತೆಗೆಯಿರಿ. ಶೇ 5ರ ಹಣ ಎಲ್ಲಿ ಖರ್ಚಾಯಿತು ಅಂತ ಪುರಸಭೆಗೆ ಒಂದು ಆರ್‌ಟಿಐ ಹಾಕಿ. ಆ ಅಳತೆ, ಆ ಉತ್ತರ ಎರಡನ್ನೂ ಜೋಡಿಸಿ ರಾಜ್ಯ ಅಂಗವಿಕಲರ ಹಕ್ಕುಗಳ ಆಯುಕ್ತರಿಗೆ ದೂರು ಕೊಡಿ. ಕಾಯ್ದೆಯ 89ನೇ ಸೆಕ್ಷನ್‌ನಲ್ಲಿ ಮೊದಲ ಉಲ್ಲಂಘನೆಗೆ ಹತ್ತು ಸಾವಿರದವರೆಗೆ, ಮುಂದಿನ ಪ್ರತಿ ಉಲ್ಲಂಘನೆಗೆ ಐವತ್ತು ಸಾವಿರದಿಂದ ಐದು ಲಕ್ಷದವರೆಗೆ ದಂಡ ಇದೆ. ಆ ಸೆಕ್ಷನ್ ಇರೋದು ಬಳಸೋಕೆ.

ಶ್ರೀನಿವಾಸಪುರದ ಅಳತೆಗಳನ್ನು ನಾನೂ ತಮ್ಮನೂ ಸೇರಿ ಬರೆದಿಟ್ಟಿದ್ದೀವಿ. ದೂರು ಕಳಿಸ್ತಿದ್ದೀವಿ. ಮುಂದಿನ ಮಾವಿನ ಕಾಲಕ್ಕೆ ಅಕ್ಕ ಊರಿಗೆ ಬರ್ತಾಳೆ. ಅವಳ ಜೊತೆ ಕೋಲಾರಕ್ಕೆ ಬಸ್ಸಲ್ಲಿ ಹೋಗಬೇಕು, ಕಿಟಕಿ ಪಕ್ಕ, ಕೈಯಲ್ಲಿ ಆ ಶೂನ್ಯ ಟಿಕೆಟ್ ಹಿಡಿದು.